ದೀರ್ಘಕಾಲದ ಬ್ಯಾನಿ ಇದ್ದವರಿಗೆ ಕಸೂತಿ: ಕೈ, ಕಣ್ಣು, ದಣಿವು ನೋಡಿಕೊಂಡು ಹೊಲಿಯುವ ಸಮಗ್ರ ಮಾರ್ಗದರ್ಶಿ

ಸಂಧಿವಾತ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ನೋವು, ದಣಿವಿನ ಬ್ಯಾನಿ) ಇಂಥ ವರ್ಷಗಟ್ಟಲೆ ಬಿಡದ ಬ್ಯಾನಿ ಇದ್ದವರಿಗೆ "ಏನರೆ ಹವ್ಯಾಸ ಹಚ್ಕೋರಿ, ಮನಸ್ಸು ಹಗುರಾಗತೈತಿ" ಎನ್ನುವವರು ಬಹಳ. ಯಾವ ಹವ್ಯಾಸ, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎಂದು ಬಿಡಿಸಿ ಹೇಳುವವರು ಕಡಿಮೆ. ಹೀಗಾಗಿ ಉತ್ಸಾಹದಿಂದ ಶುರು ಮಾಡಿ, ಮೊದಲ ದಿನವೇ ಎರಡು ತಾಸು ಕೂತು, ಮುಂದಿನ ಮೂರು ದಿನ ಹಾಸಿಗೆ ಹಿಡಿದು, ಸಾಮಾನನ್ನೆಲ್ಲ ಟ್ರಂಕಿಗೆ ತುಂಬಿಡುವುದು ಮನೆಮನೆಯ ಕಥೆ.

ಹವ್ಯಾಸ ಆರಿಸುವಾಗ ನೋಡಬೇಕಾದ ಮೊದಲ ಗುಣ, ಅದನ್ನು ಯಾವ ಕ್ಷಣದಲ್ಲಿ ಬಿಟ್ಟೆದ್ದರೂ ಕೆಡಬಾರದು. ಹಸಿ ಮಣ್ಣಿನ ಗೊಂಬೆ ನಡುವೆ ಬಿಟ್ಟರೆ ಒಣಗಿ ಬಿರಿಯುತ್ತದೆ. ಜಲವರ್ಣದಲ್ಲಿ ಬಣ್ಣ ಒಣಗುವುದರೊಳಗೆ ಕೈ ಆಡಬೇಕು. ಹೊಲಿಗೆ ಯಂತ್ರಕ್ಕೆ ಕಾಲು, ಸೊಂಟ, ಕಣ್ಣು ಮೂರೂ ಒಟ್ಟಿಗೆ ಬೇಕು. ಕಸೂತಿಯಲ್ಲಿ ಮಾತ್ರ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದರೆ ನಾಳೆಯಲ್ಲ, ಮುಂದಿನ ತಿಂಗಳು ಬಂದರೂ ಅದು ಅಲ್ಲೇ ಇರುತ್ತದೆ. ಧಾರವಾಡ ಸೀಮೆಯ ಕಸೂತಿಗೆ ಇನ್ನೂ ಒಂದು ಅನುಕೂಲವಿದೆ. ಬಟ್ಟೆಯ ಎಳೆ ಎಣಿಸಿ ಹಾಕುವ ಕೆಲಸವಾದ್ದರಿಂದ ಚಿತ್ರ ಬಿಡಿಸುವ ಕೈ ಬೇಕಿಲ್ಲ. ಹತ್ತರವರೆಗೆ ಎಣಿಸಲು ಬಂದರೆ ಸಾಕು.

ತೊಡಕೂ ಇದೆ. ಸಣ್ಣ ಸೂಜಿಯನ್ನು ಹೆಬ್ಬೆರಳು-ತೋರುಬೆರಳಿನಲ್ಲಿ ಒತ್ತಿ ಹಿಡಿಯುವುದು ಹೆಬ್ಬೆರಳ ಬುಡದ ಕೀಲಿಗೆ ಭಾರ. ಎಣಿಕೆಗೆ ಕಣ್ಣು ಮತ್ತು ಗಮನ ಎರಡೂ ಬೇಕು. ಈ ಎರಡನ್ನು ಸಂಭಾಳಿಸುವುದು ಹೇಗೆ ಎಂಬುದೇ ಮುಂದಿನ ಮಾತಿನ ಬಹುಪಾಲು.

ಸೂಜಿ ಹಿಡಿಯುವ ಮೊದಲು: ನಿಮ್ಮ ಅಳತೆ ತೆಗೆಯಿರಿ

ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ಐದು ದಿನ, ಒಳ್ಳೆಯ ದಿನ ಕೆಟ್ಟ ದಿನ ಎನ್ನದೆ, ಯಾವುದಾದರೂ ಹಳೆಯ ಬಟ್ಟೆಯ ಮೇಲೆ ಸುಮ್ಮನೆ ಸಾದಾ ಹೊಲಿಗೆ ಹಾಕಿ. ಮೊದಲ ಸೂಚನೆ ಬಂದ ಕೂಡಲೇ ನಿಲ್ಲಿಸಿ, ಎಷ್ಟು ನಿಮಿಷವಾಯಿತು ಬರೆಯಿರಿ. ಮೊದಲ ಸೂಚನೆ ಎಂದರೆ ನೋವಲ್ಲ. ನೋವು ಬರುವ ಹೊತ್ತಿಗೆ ತಡವಾಗಿರುತ್ತದೆ. ಹೆಬ್ಬೆರಳ ಬುಡ ಬಿಗಿಯುವುದು, ಗೊತ್ತಿಲ್ಲದೆ ಭುಜ ಕಿವಿಯತ್ತ ಏರುವುದು, ಎಣಿಸಿದ್ದನ್ನೇ ಎರಡನೇ ಸಲ ಎಣಿಸುವುದು, ಸೂಜಿ ಬೇಕಾದ ರಂಧ್ರದ ಪಕ್ಕಕ್ಕೆ ಇಳಿಯುವುದು, ಇವೆಲ್ಲ ಸೂಚನೆಗಳು.

ಐದು ದಿನದ ನಿಮಿಷಗಳು 20, 8, 15, 10, 17 ಬಂದವು ಎನ್ನಿ. ಕೂಡಿಸಿದರೆ 70, ಸರಾಸರಿ 14. ಅದರ ಮುಕ್ಕಾಲು ಸುಮಾರು 10. ನಿಮ್ಮ ಒಂದು ಕೂರಿಕೆ 10 ನಿಮಿಷ. ಹುಷಾರಿದ್ದ ದಿನ ಕೈ ಇನ್ನೂ ಚುರುಕಾಗಿದ್ದರೂ 10ಕ್ಕೆ ನಿಲ್ಲಿಸುವುದು, ಇದೇ ಎಲ್ಲಕ್ಕಿಂತ ಕಷ್ಟದ ಭಾಗ. ಒಳ್ಳೆಯ ದಿನ ಮೈಮರೆತು ಕೂತದ್ದರ ಸಾಲವನ್ನು ಮರುದಿನ ತೀರಿಸಬೇಕಾಗುತ್ತದೆ. ಮೊಬೈಲಿನಲ್ಲಿ ಅಲಾರಾಂ ಇಡಿ. "ಇದೊಂದು ಸಾಲು ಮುಗಿಸಿ ಏಳತೀನಿ" ಎನ್ನುವ ಮಾತನ್ನು ನಂಬಬೇಡಿ.

10 ನಿಮಿಷ ಹೊಲಿದರೆ ಕನಿಷ್ಠ 10 ನಿಮಿಷ ಬಿಡುವು. ಬಿಡುವು ಎಂದರೆ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟು ಕೂರುವುದು. ಬಿಡುವಿನಲ್ಲಿ ಮೊಬೈಲ್ ತಿಕ್ಕಿದರೆ ಅದೇ ಹೆಬ್ಬೆರಳು, ಅದೇ ಬಗ್ಗಿದ ಕುತ್ತಿಗೆ ದುಡಿಯುತ್ತವೆ. ಅದು ಬಿಡುವಲ್ಲ, ಇನ್ನೊಂದು ಪಾಳಿ.

ಕೀಲುನೋವಿನವರಿಗೆ ಇನ್ನೊಂದು ಪರೀಕ್ಷೆ ಇದೆ. ಕೆಲಸ ಮುಗಿಸಿ ಎರಡು ತಾಸಾದರೂ ಹೆಚ್ಚಾದ ನೋವು ಇಳಿಯದಿದ್ದರೆ ಅಂದಿನ ಕೆಲಸ ಅತಿಯಾಯಿತು ಎಂದರ್ಥ. ಮುಂದಿನ ಸಲ ಕಡಿಮೆ ಮಾಡಿ. ಎರಡು ವಾರ ಒಂದು ಸಲವೂ ಹಾಗಾಗದಿದ್ದರೆ 2 ನಿಮಿಷ ಏರಿಸಿ. ದಣಿವೇ ಮುಖ್ಯ ಬ್ಯಾನಿಯಾಗಿರುವವರಿಗೆ ಈ ಏರಿಸುವ ಲೆಕ್ಕ ಸಲ್ಲುವುದಿಲ್ಲ. ಶ್ರಮದ ಪೆಟ್ಟು ಅವರಿಗೆ ಒಂದೆರಡು ದಿನ ತಡವಾಗಿ ಬೀಳುತ್ತದೆ. ಸೋಮವಾರ ಹೆಚ್ಚು ಹೊಲಿದದ್ದು ಬುಧವಾರ ಗೊತ್ತಾಗುತ್ತದೆ. ಅಂಥವರು ನೋಟ್‌ಬುಕ್ಕಿನಲ್ಲಿ ಅಂದಿನ ನಿಮಿಷದ ಜೊತೆಗೆ ಮುಂದಿನ ಎರಡು ದಿನದ ಸ್ಥಿತಿಯನ್ನೂ ಬರೆದಿಡಬೇಕು.

ಹೊತ್ತಿನ ಆಯ್ಕೆಯೂ ಬ್ಯಾನಿಗೆ ತಕ್ಕಂತೆ. ಸಂಧಿವಾತದಲ್ಲಿ ಬೆಳಗ್ಗೆ ಎದ್ದಾಗ ಬೆರಳು ಬಿಗಿದಿರುತ್ತವೆ, ಆ ಬಿಗುವು ಒಂದು ತಾಸಿಗೂ ಮೀರಬಹುದು. ಹೀಗಾಗಿ ಹನ್ನೊಂದರ ಸುಮಾರಿಗೆ ಕೂರುವುದು ಲೇಸು. ಪಾರ್ಕಿನ್ಸನ್ ಇದ್ದವರು ಮಾತ್ರೆಯ ಗುಣ ಕಾಣುವ ಹೊತ್ತು ನೋಡಿ ಕೂರಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಗದಗಿನ ಕಡೆ ಮಧ್ಯಾಹ್ನದ ಬಿಸಿಲಿಗೆ ಬೆವರಿದ ಕೈಯಲ್ಲಿ ಸೂಜಿ ಜಾರುತ್ತದೆ, ತುಕ್ಕೂ ಹಿಡಿಯುತ್ತದೆ, ಬಿಳಿ ಬಟ್ಟೆಗೆ ಕಲೆಯಾಗುತ್ತದೆ. ಆಗ ಬೆಳಗಿನ ಕೆಲಸವೇ ಸರಿ. ಕೀಲು ಬಾತು, ಮುಟ್ಟಿದರೆ ಬಿಸಿ ಎನಿಸುವ ದಿನ ಸೂಜಿ ಮುಟ್ಟಲೇಬೇಡಿ.

ಸಾಮಾನು

ಇಳಕಲ್ ಸೀರೆಯ ಮೇಲೆ ಕಲಿಯಲು ಹೋಗಬೇಡಿ. ಕಸೂತಿಯ ಸೊಗಸು ಆ ಸೀರೆಯ ಮೇಲೇ ಇದೆ, ನಿಜ. ಆದರೆ ಅದರ ಎಳೆಗಳು ಕೂದಲಿನಷ್ಟು ಸಣ್ಣ, ಬಣ್ಣ ಬಹುಮಟ್ಟಿಗೆ ಗಾಢ. ಒಳ್ಳೆಯ ಕಣ್ಣಿನವರಿಗೂ ಅದು ಸವಾಲು. ಚೌಕ ಚೌಕವಾಗಿ ನೇಯ್ದ, ಮೂಲೆಯಲ್ಲಿ ರಂಧ್ರ ಎದ್ದು ಕಾಣುವ ಬಟ್ಟೆಯಿಂದ ಶುರು ಮಾಡಿ. ಅಂಗಡಿಯಲ್ಲಿ ಮ್ಯಾಟಿ ಬಟ್ಟೆ ಅಥವಾ ಐದಾ ಬಟ್ಟೆ ಎಂದು ಕೇಳಿ. ಇದರಲ್ಲಿ 11 ಕೌಂಟ್ ಎಂದರೆ ಒಂದು ಇಂಚಿಗೆ 11 ಚೌಕ, 14 ಕೌಂಟ್ ಎಂದರೆ 14. ಮೊದಲಿಗೆ 11 ತೆಗೆದುಕೊಳ್ಳಿ. ಬಿಳಿಗಿಂತ ಕೆನೆ ಬಣ್ಣ ಒಳ್ಳೆಯದು, ದೀಪದ ಬೆಳಕು ತಿರುಗಿ ಕಣ್ಣಿಗೆ ಹೊಡೆಯುವುದಿಲ್ಲ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಿನ ಓಣಿಗಳು, ಧಾರವಾಡದ ಸುಭಾಸ ರಸ್ತೆ, ಗದಗ-ಹಾವೇರಿ ಪೇಟೆಯ ಮ್ಯಾಚಿಂಗ್ ಸೆಂಟರ್‌ಗಳು, ಟೇಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಗದ್ದಲದ ಪೇಟೆಯಲ್ಲಿ ಅಲೆಯುವುದೇ ಒಂದು ದಿನದ ಬಲ ತಿನ್ನುತ್ತದೆ. ಚೀಟಿ ಬರೆದು ಮನೆಯವರ ಕೈಗೆ ಕೊಡುವುದರಲ್ಲಿ ನಾಚಿಕೆಯಿಲ್ಲ. ಚೀಟಿಯಲ್ಲಿ ಇಷ್ಟಿರಲಿ:

- 11 ಕೌಂಟಿನ ಬಟ್ಟೆ ಕಾಲು ಮೀಟರ್
- ಆರು ಎಳೆಯ ಹತ್ತಿಯ ಕಸೂತಿ ದಾರ, 8 ಮೀಟರಿನ ಲಡಿ, ಕೆಂಪು ಒಂದು, ಹಸಿರು ಒಂದು
- ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, 22 ಅಥವಾ 24 ನಂಬರ್, ನಾಲ್ಕು
- ದಾರ ಪೋಣಿಸುವ ತಂತಿ ಎರಡು (ಒಂದು ಖಂಡಿತ ಕಳೆಯುತ್ತದೆ)
- ಸಣ್ಣ ಕತ್ತರಿ, ಹಿಡಿ ದೊಡ್ಡದಿರಲಿ

ಸೂಜಿ ಮೊಂಡಾಗಿರಲೇಬೇಕು. ಇದಕ್ಕೆ ಎರಡು ಕಾರಣ. ಕಸೂತಿಯ ಗೆರೆಯಲ್ಲಿ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳಬೇಕು; ಮರಳಿ ಬರುವಾಗ ಚೂಪು ಸೂಜಿ ಮೊದಲ ದಾರವನ್ನೇ ಸೀಳಿಕೊಂಡು ಹೋಗುತ್ತದೆ, ಗೆರೆ ಡೊಂಕಾಗುತ್ತದೆ, ಬಿಚ್ಚಲೂ ಬಾರದು. ಎರಡನೆಯದು ಇನ್ನೂ ಮುಖ್ಯ. ಸಕ್ಕರೆ ಕಾಯಿಲೆಯಿಂದ ಬೆರಳಿನ ಸ್ಪರ್ಶ ಮಂದವಾದವರಿಗೆ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆಯವರಿಗೆ ಸಣ್ಣ ಚುಚ್ಚೂ ಬೇಗ ನಿಲ್ಲುವುದಿಲ್ಲ. ಈ ಇಬ್ಬರೂ ಕೆಲಸ ಮುಗಿದ ಮೇಲೆ ಬೆರಳ ತುದಿಗಳನ್ನು ಬೆಳಕಿಗೆ ಹಿಡಿದು ನೋಡುವ ರೂಢಿ ಮಾಡಿಕೊಳ್ಳಬೇಕು.

ಪಟ್ಟಿಯಲ್ಲಿಲ್ಲದ, ಮನೆಯಲ್ಲೇ ಸಿಗುವ ಒಂದು ವಸ್ತು ಹಳೆಯ ಸೈಕಲ್ ಟ್ಯೂಬು. 3 ಸೆಂ.ಮೀ. ಚೌಕದ ಎರಡು ತುಂಡು ಕತ್ತರಿಸಿ, ಸೋಪಿನಲ್ಲಿ ತೊಳೆದು ಒಣಗಿಸಿ. ಸೂಜಿ ಬಟ್ಟೆಯಲ್ಲಿ ಸಿಕ್ಕಿಕೊಂಡಾಗ ಈ ತುಂಡಿನಿಂದ ಹಿಡಿದು ಎಳೆದರೆ ಬೆರಳು ಒತ್ತಿ ಹಿಡಿಯಬೇಕಿಲ್ಲ, ರಬ್ಬರೇ ಹಿಡಿಯುತ್ತದೆ. ಸಂಧಿವಾತದ ಕೈಗೆ ಇಷ್ಟು ಅಗ್ಗದ, ಇಷ್ಟು ಉಪಕಾರದ ಸಾಧನ ಇನ್ನೊಂದಿಲ್ಲ.

ಕಸೂತಿ ರಿಂಗ್ ಬೇಕೇ? ಐದಾ ಬಟ್ಟೆ ತಾನೇ ಗಟ್ಟಿ, ಸಣ್ಣ ತುಂಡಿಗೆ ರಿಂಗ್ ಬೇಡ. ರಿಂಗ್ ಹಿಡಿದ ಎಡಗೈ ಇಡೀ ಹೊತ್ತು ಬಿಗಿದೇ ಇರುತ್ತದೆ, ನೋವು ಅಲ್ಲಿಂದ ಮೊದಲಾಗುತ್ತದೆ. ಮುಂದೆ ಮೆತ್ತನೆಯ ಬಟ್ಟೆಗೆ ಹೋದಾಗ 5 ಇಂಚಿನ ರಿಂಗ್ ತಂದು, ಅದನ್ನು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕ್ಲ್ಯಾಂಪಿನಿಂದ ಟೇಬಲ್ಲಿನ ಅಂಚಿಗೆ ಬಿಗಿಯಿರಿ. ಕ್ಲ್ಯಾಂಪಿಗೂ ರಿಂಗಿಗೂ ನಡುವೆ ಬಟ್ಟೆಯ ತುಂಡು ಮಡಚಿ ಇಡಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಆಗ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು ಸೂಜಿ ದಾಟಿಸಬಹುದು. ಮಣಿಕಟ್ಟು ತಿರುಚುವುದು ತಪ್ಪುತ್ತದೆ.

ಕೂರುವುದು, ಬೆಳಕು

ನಮ್ಮ ಕಡೆ ಹೆಣ್ಣುಮಕ್ಕಳು ಪಡಸಾಲೆಯ ನೆಲದ ಮೇಲೆ, ಗೋಡೆಗೆ ಒರಗಿ ಕಸೂತಿ ಹಾಕುವುದು ರೂಢಿ. ಮೊಣಕಾಲು, ಸೊಂಟದ ತೊಂದರೆಯವರು ಇದನ್ನು ಬಿಡಬೇಕು. ಕೈ ಇರುವ ಕುರ್ಚಿ, ಎರಡೂ ಪಾದ ನೆಲಕ್ಕೆ, ತೊಡೆಯ ಮೇಲೆ ಗಟ್ಟಿ ದಿಂಬು, ದಿಂಬಿನ ಮೇಲೆ ಮೊಣಕೈ. ಕೆಲಸ ಎದೆಯ ಮಟ್ಟಕ್ಕೆ ಬರಬೇಕು. ಬಟ್ಟೆ ಕಣ್ಣಿನತ್ತ ಏರಲಿ, ಕುತ್ತಿಗೆ ಬಟ್ಟೆಯತ್ತ ಇಳಿಯಬಾರದು.

ಬಲಗೈಯವರಿಗೆ ಬೆಳಕು ಎಡಭುಜದ ಹಿಂದಿನಿಂದ ಬೀಳಲಿ, ಎಡಗೈಯವರಿಗೆ ಬಲದಿಂದ. ತಲೆಯ ಮೇಲಿನ ಟ್ಯೂಬ್‌ಲೈಟ್ ಒಂದೇ ಸಾಲದು, ಅದು ಕೈಯ ನೆರಳನ್ನು ಬಟ್ಟೆಯ ಮೇಲೇ ಚೆಲ್ಲುತ್ತದೆ. ಕತ್ತು ಬಗ್ಗಿಸಬಹುದಾದ ಟೇಬಲ್ ಲ್ಯಾಂಪಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು ಸಾಕು. ಗಾಢ ಬಟ್ಟೆಯ ಮೇಲೆ ಹೊಲಿಯುವಾಗ ತೊಡೆಯ ಮೇಲೆ ಬಿಳಿ ಟವಲ್ ಹಾಸಿಕೊಂಡರೆ ರಂಧ್ರಗಳು ಬೆಳ್ಳಗೆ ಕಾಣುತ್ತವೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡ್ ನೋಡಿ.

ಸಕ್ಕರೆ ಏರಿಳಿಯುತ್ತಿರುವಾಗ ಕಣ್ಣಿನ ನೋಟವೂ ಏರಿಳಿಯುತ್ತದೆ. ಇಂಥ ವಾರದಲ್ಲಿ "ಕಣ್ಣು ಕಾಣವಲ್ದು" ಎಂದು ಹೊಸ ಕನ್ನಡಕ ಮಾಡಿಸಿದರೆ ಸಕ್ಕರೆ ಹತೋಟಿಗೆ ಬಂದ ಮೇಲೆ ಅದು ಹೊಂದುವುದಿಲ್ಲ. ನೋಟ ಮಂಜಾದರೆ ಮೊದಲು ಸಕ್ಕರೆ ಪರೀಕ್ಷಿಸಿ. ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ, ಪರದೆಯಂಥ ನೆರಳು ಕಂಡರೆ ಅದು ಹೊಲಿಗೆಯ ದಣಿವಲ್ಲ, ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಬೇಕಾದ್ದು. ಹೊಲಿಯುತ್ತಿದ್ದಾಗ ಕೈ ನಡುಗಿ, ಬೆವರಿ, ಹಸಿವೆಯಾದರೆ ಸೂಜಿ ಬಿಡಿ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ಮೇಲೆ ಮತ್ತೆ ನೋಡಬೇಕು. ಅಂದು ಮತ್ತೆ ಎಣಿಕೆಯ ಕೆಲಸ ಬೇಡ.

ಮೊದಲ ತುಂಡು: ಮುರ್ಗಿ ಅಂಚಿನ ಪುಸ್ತಕದ ಗುರುತುಪಟ್ಟಿ

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗಾವಂತಿ, ಮುರ್ಗಿ, ನೇಗಿ, ಮೆಂತಿ. ಗಾವಂತಿ ಎಂದರೆ ಹೋಗಿ ಬರುವ ಗೆರೆ. ಮುರ್ಗಿಯೂ ಹಾಗೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ನೇಗಿ ನೇಯ್ಗೆಯಂತೆ ಕಾಣುವ ಉದ್ದುದ್ದ ಹೊಲಿಗೆ. ಮೆಂತಿ ಅಡ್ಡ ಅಡ್ಡ ದಾಟುವ ತುಂಬುಹೊಲಿಗೆ. ಗಾವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ ಕಾಣಬೇಕು, ಗಂಟು ಹಾಕುವಂತಿಲ್ಲ.

ಬಹಳ ಕಡೆ ಗಾವಂತಿಯಿಂದ ಕಲಿಸುತ್ತಾರೆ. ಬ್ಯಾನಿ ಇದ್ದವರಿಗೆ ಮುರ್ಗಿಯೇ ಮೊದಲು ಇರಲಿ ಎಂಬುದು ನಮ್ಮ ಸಲಹೆ. ಅದರಲ್ಲಿ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ, ಹೇಗೆಂದು ಮುಂದೆ ಬರುತ್ತದೆ. ಜೊತೆಗೆ ಅದು ಸಣ್ಣ ಸಣ್ಣ ಹಲ್ಲುಗಳಾಗಿ ಒಡೆಯುತ್ತದೆ (ಮೆಟ್ಟಿಲು ಒಮ್ಮೆ ಏರಿ ಇಳಿದರೆ ಒಂದು ಹಲ್ಲು). ಒಂದು ಹಲ್ಲು ಮುಗಿದರೆ ನಿಲ್ಲಲು ಒಂದು ಜಾಗ.

1. 11 ಕೌಂಟಿನ ಬಟ್ಟೆಯನ್ನು 18 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ ಕತ್ತರಿಸಿ. ಅಂಚು ಬಿಚ್ಚದಂತೆ ಸುತ್ತಲೂ ತೆಳ್ಳಗೆ ಅಂಟು ಸವರಿ ಒಣಗಿಸಿ. ಉದ್ದಕ್ಕೆ ಸುಮಾರು 78 ಚೌಕ ಸಿಗುತ್ತವೆ. ಎರಡೂ ತುದಿಗೆ 7 ಚೌಕ ಬಿಟ್ಟರೆ ನಡುವೆ 64. ಒಂದು ಹಲ್ಲಿಗೆ 8 ಚೌಕದಂತೆ ಸರಿಯಾಗಿ 8 ಹಲ್ಲು.

2. ಪ್ರತಿ 8 ಚೌಕಕ್ಕೆ ಒಂದು ತೆಳು ಬಿಳಿ ಅಥವಾ ಹಳದಿ ದಾರವನ್ನು ಅಡ್ಡಲಾಗಿ ಸಡಿಲವಾಗಿ ಹಾಯಿಸಿಡಿ. ಇವು ಎಣಿಕೆಯ ಗಡಿಗಳು, ಕೊನೆಗೆ ಎಳೆದು ತೆಗೆಯುವಂಥವು. ಪೆನ್ನಿನಲ್ಲಿ ಗುರುತು ಹಾಕಿದರೆ ಇಸ್ತ್ರಿ ತಾಗಿದಾಗ ಕಾಯಮ್ಮಾಗಿ ಕೂರಬಹುದು. ಈ ಕೆಲಸವನ್ನು ತಲೆ ತಿಳಿಯಾಗಿರುವ ದಿನ ಒಮ್ಮೆಗೇ ಮುಗಿಸಿ. ಗಮನ ಮಂಜಾದ ದಿನಗಳಲ್ಲಿ 64 ಎಣಿಸಬೇಕಿಲ್ಲ, 8 ಎಣಿಸಿದರೆ ಸಾಕು.

3. ದಾರ 45 ಸೆಂ.ಮೀ. ಕತ್ತರಿಸಿ. ಭುಜ ನೋವಿದ್ದರೆ 35. ಉದ್ದ ದಾರ ಹಾಕಿದರೆ ಪೋಣಿಸುವ ಕೆಲಸ ಉಳಿಯುತ್ತದೆ ಎನ್ನುವ ಲೆಕ್ಕ ತಪ್ಪು. ಪ್ರತಿ ಹೊಲಿಗೆಗೂ ತೋಳು ಅಷ್ಟಗಲ ಚಾಚಬೇಕು, ದಾರ ಸಿಕ್ಕುಬೀಳುತ್ತದೆ, ಸವೆದು ನವಿರೇಳುತ್ತದೆ. ಆರು ಎಳೆಯಲ್ಲಿ ಎರಡು ಬೇಕು. ಎರಡನ್ನೂ ಒಟ್ಟಿಗೆ ಎಳೆಯಬೇಡಿ, ಕಗ್ಗಂಟಾಗುತ್ತದೆ. ಒಂದೊಂದೇ ಎಳೆ ತೆಗೆದು ಆಮೇಲೆ ಜೋಡಿಸಿ. ಕೈ ಚೆನ್ನಾಗಿರುವ ದಿನ ನಾಲ್ಕೂ ಸೂಜಿಗೆ ದಾರ ಪೋಣಿಸಿಟ್ಟರೆ ಆ ವಾರಕ್ಕೆ ಆ ಕಿರಿಕಿರಿ ಇಲ್ಲ.

4. ಗಂಟಿಲ್ಲದೆ ಶುರು ಮಾಡಿ. ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತಂದು 8 ಸೆಂ.ಮೀ. ಬಾಲವನ್ನು ಹಿಂದೆ ಬಿಡಿ. ಅದನ್ನು ಸಣ್ಣ ಟೇಪಿನಿಂದ ಬಟ್ಟೆಗೆ ಅಂಟಿಸಿದರೆ ಬೆರಳಿನಲ್ಲಿ ಹಿಡಿಯುವ ಶ್ರಮವಿಲ್ಲ.

5. ಹೋಗುವ ದಾರಿ. ಬಲಕ್ಕೆ 2 ಚೌಕ ದಾಟಿ ಸೂಜಿ ಇಳಿಸಿ. ಬಟ್ಟೆಯ ಹಿಂದಿನಿಂದ ನೇರ 2 ಚೌಕ ಮೇಲೆ ಬಂದು ಸೂಜಿ ಏರಿಸಿ. ಮತ್ತೆ ಬಲಕ್ಕೆ 2 ಇಳಿಸಿ, ಹಿಂದಿನಿಂದ ಮೇಲೆ 2 ಏರಿಸಿ. ಈಗ ಹಲ್ಲಿನ ತುದಿಗೆ ಬಂದಿರಿ. ಬಲಕ್ಕೆ 2, ಹಿಂದಿನಿಂದ ಕೆಳಗೆ 2. ಮತ್ತೆ ಬಲಕ್ಕೆ 2, ಕೆಳಗೆ 2. ಒಂದು ಹಲ್ಲು ಆಯಿತು: ಅಗಲ 8 ಚೌಕ, ಎತ್ತರ 4.

6. ಇಲ್ಲಿ ನಿಂತು ನೋಡಿ. ಮುಂದಿನ ಮಗ್ಗುಲಲ್ಲಿ ಮಲಗಿದ ಗೆರೆಗಳು ಮಾತ್ರ, ಹಿಂದಿನ ಮಗ್ಗುಲಲ್ಲಿ ನಿಂತ ಗೆರೆಗಳು ಮಾತ್ರ ಕಾಣಬೇಕು. ಮುಂದೆ ಒಂದೇ ಒಂದು ನಿಂತ ಗೆರೆ ಕಂಡರೂ ಅಲ್ಲಿ ಲೆಕ್ಕ ತಪ್ಪಿದೆ. ಈಗಲೇ ಅಷ್ಟನ್ನು ಬಿಚ್ಚಿ. ಮರಳುವ ದಾರಿಗೆ ಹೋದ ಮೇಲೆ ಬಿಚ್ಚುವುದು ನಾಲ್ಕು ಪಟ್ಟು ಕೆಲಸ.

7. ಮೂರು ಹಲ್ಲು ಹೋಗಿ, ಅದೇ ದಾರದಲ್ಲಿ ಮರಳಿ ಬನ್ನಿ. ಮರಳುವಾಗ ಬಿಟ್ಟ ಜಾಗಗಳನ್ನು ತುಂಬಬೇಕು: ನಿಂತ ಗೆರೆ ಮುಂದೆ ಬರುತ್ತದೆ, ಮಲಗಿದ ಗೆರೆ ಹಿಂದೆ ಹೋಗುತ್ತದೆ. ಮೂರು ಹಲ್ಲಿಗೆ ಹೋಗಿಬರಲು ಸುಮಾರು 22 ಸೆಂ.ಮೀ. ದಾರ ಬೇಕು, ಬಾಲ ಕಳೆದರೂ 45 ಸೆಂ.ಮೀ.ನಲ್ಲಿ ಸಲೀಸಾಗಿ ಆಗುತ್ತದೆ. 35ರ ದಾರ ಹಾಕಿದವರು ಎರಡು ಹಲ್ಲಿಗೆ ಮರಳಲಿ. ಎಂಟು ಹಲ್ಲನ್ನೂ ಒಂದೇ ಓಟದಲ್ಲಿ ಹೋಗಿ ಬರಲು ಯತ್ನಿಸಿದರೆ ನಡುದಾರಿಯಲ್ಲಿ ದಾರ ಮುಗಿಯುತ್ತದೆ.

8. ಮುಗಿಸುವಾಗಲೂ ಗಂಟು ಬೇಡ. ಹಿಂದಿನ ಮಗ್ಗುಲಲ್ಲಿ ನಾಲ್ಕೈದು ಹೊಲಿಗೆಯ ಅಡಿಯಲ್ಲಿ ಸೂಜಿ ನುಸುಳಿಸಿ, ಕತ್ತರಿಸಿ. ಮೊದಲು ಬಿಟ್ಟ ಬಾಲಕ್ಕೂ ಹೀಗೇ ಮಾಡಿ.

ಬಟ್ಟೆ ನೆರಿಗೆಗಟ್ಟಿದರೆ ದಾರ ಬಿಗಿಯಾಗಿ ಎಳೆಯುತ್ತಿದ್ದೀರಿ ಎಂದರ್ಥ. ನೋವಿದ್ದಾಗ ಕೈ ತಾನಾಗಿ ಬಿಗಿಯುತ್ತದೆ, ಹೀಗಾಗಿ ನೆರಿಗೆಯನ್ನೂ ಒಂದು ಸೂಚನೆಯಾಗಿ ಓದಿ, ಅಂದಿಗೆ ನಿಲ್ಲಿಸಿ. ಗೆರೆ ಹಾವಿನಂತೆ ಓಲಾಡಿದರೆ, ಮರಳುವಾಗ ಹಳೆಯ ದಾರದ ಒಂದೇ ಮಗ್ಗುಲಿನಿಂದ ಏರಿ, ಇನ್ನೊಂದು ಮಗ್ಗುಲಿಗೆ ಇಳಿಯುವ ಶಿಸ್ತು ತಪ್ಪಿದೆ. ಎರಡು ದಾರಿಗಳು ಕೂಡದಿದ್ದರೆ ಹುಡುಕಾಡಬೇಡಿ. ಗಡಿ ದಾರದಿಂದ ಗಡಿ ದಾರಕ್ಕೆ 8 ಚೌಕ ಎಣಿಸುತ್ತ ಬಂದರೆ ಯಾವ ಹಲ್ಲಿನಲ್ಲಿ ಒಂದು ಚೌಕ ಹೆಚ್ಚಾಯಿತೆಂದು ಸಿಗುತ್ತದೆ.

ಏಳುವ ಮುನ್ನ ಚೀಟಿ ಬರೆದು ಬಟ್ಟೆಗೆ ಪಿನ್ ಮಾಡಿ: "5ನೇ ಹಲ್ಲು, ಹೋಗುವ ದಾರಿ, ಮುಂದೆ ಮೇಲಕ್ಕೆ." ಮೊಬೈಲಿನಲ್ಲಿ ಫೋಟೋ ತೆಗೆದರೂ ಆದೀತು, ಆದರೆ ಫೋಟೋ ದಿಕ್ಕು ಹೇಳುವುದಿಲ್ಲ.

ಗುರುತುಪಟ್ಟಿ ಮುಗಿದ ಮೇಲೆ 14 ಕೌಂಟಿಗೆ, ಅಲ್ಲಿ ಗಾವಂತಿಯ ಸಣ್ಣ ಗೋಪುರ, ತುಳಸಿ ಕಟ್ಟೆಗಳಿಗೆ ಹೋಗಬಹುದು. ಗಾವಂತಿಯಲ್ಲಿ ಕವಲು ಬಂದಾಗ ಒಂದು ನಿಯಮ: ಹೋಗುವಾಗಲೇ ಕವಲಿಗೆ ಹೋಗಿ, ಅದರ ತುದಿ ಮುಟ್ಟಿ, ತುಂಬುತ್ತ ಮರಳಿ, ಮೂಲ ಗೆರೆ ಹಿಡಿದು ಮುಂದುವರಿಯಬೇಕು. ಕವಲುಗಳನ್ನು ಕೊನೆಗೆ ಉಳಿಸಿದರೆ ಹಿಂದಿನ ಮಗ್ಗುಲಲ್ಲಿ ದಾರ ಜಿಗಿಯುತ್ತದೆ. ಕೊನೆಗೊಂದು ದಿನ ಸೀರೆಯ ಆಸೆ ಬಂದೇ ಬರುತ್ತದೆ. ಆಗ ಸೀರೆಯ ಮೇಲೆ ಜಾಳು ಕ್ಯಾನ್ವಾಸ್ ಬಟ್ಟೆ ಟಾಕಿ, ಅದರ ಚೌಕ ಎಣಿಸಿ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಎಳೆದು ತೆಗೆಯುವ ದಾರಿ ಇದೆ. ಆ ಎಳೆ ತೆಗೆಯುವುದು ಹೊಲಿಗೆಗಿಂತ ಹೆಚ್ಚು ಬೆರಳು ನೋಯಿಸುವ ಕೆಲಸ. ಬಟ್ಟೆಯನ್ನು ಸ್ವಲ್ಪ ತೇವ ಮಾಡಿ, ಚಿಮಟಿಗೆಯಿಂದ ಒಂದೊಂದೇ ಎಳೆ ತೆಗೆಯಿರಿ, ಇಲ್ಲವೇ ಮನೆಯ ಹುಡುಗರಿಗೆ ಒಪ್ಪಿಸಿ. ತೇವ ಮಾಡುವ ಮೊದಲು ಕೆಂಪು, ಕಪ್ಪು ದಾರಗಳ ಬಣ್ಣ ಪರೀಕ್ಷಿಸಿ: ಗೇಣುದ್ದ ದಾರವನ್ನು ಒದ್ದೆ ಬಿಳಿ ಅರಿವೆಯಲ್ಲಿ ಸುತ್ತಿ ಒತ್ತಿಡಿ. ಅರಿವೆಗೆ ಬಣ್ಣ ಹತ್ತಿದರೆ ಆ ದಾರ ಸೀರೆಗೆ ಬೇಡ.

ಸೂಜಿ ಹಿಡಿಯಲಾಗದ ದಿನ

ಎರಡನೇ ಡಬ್ಬಿ ಒಂದು ಇಟ್ಟುಕೊಳ್ಳಿ: ಗ್ರಾಫ್ ಹಾಳೆ, ಮೆತ್ತನೆಯ 2ಬಿ ಪೆನ್ಸಿಲ್, ರಬ್ಬರು. ಪೆನ್ಸಿಲ್ಲಿಗೆ ಹಳೆಯ ಬಟ್ಟೆಪಟ್ಟಿ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಿದರೆ ಒತ್ತಿ ಹಿಡಿಯಬೇಕಿಲ್ಲ. ಒರಗಿ ಮಲಗಿಕೊಂಡೇ ಹೊಸ ಅಂಚು, ತೇರು, ಆನೆ ಬಿಡಿಸಬಹುದು. ಆಸ್ಪತ್ರೆಯ ಸಾಲಿಗೂ ಇದೇ ಡಬ್ಬಿ. ಹಾವೇರಿ, ಗದಗಿನಿಂದ ಬೆಳಗ್ಗೆ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದು, ಚೀಟಿ ಮಾಡಿಸಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯುವ ಹೊತ್ತಿನಲ್ಲಿ ಸೂಜಿ ಬೇಡ. ಹೆಸರು ಕೂಗಿದಾಗ ಗಡಬಡಿಸಿ ಎದ್ದರೆ ಸೂಜಿ ಯಾರ ಕಾಲಿಗೋ ಸಿಗುತ್ತದೆ.

ಡಯಾಲಿಸಿಸ್‌ನಲ್ಲಿ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಒಂದು ಕೈ ಅಲುಗಿಸುವಂತಿಲ್ಲ. ಅಲ್ಲಿ ಕಸೂತಿ ಆಗದ ಮಾತು, ಗ್ರಾಫ್ ಮಾತ್ರ, ಅದೂ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ತೋಳಿನ ರಕ್ತನಾಳಗಳನ್ನು ಕೂಡಿಸಿದ ಜಾಗ) ಇಲ್ಲದ ಕೈಯಲ್ಲಿ. ಮನೆಯಲ್ಲಿ ಹೊಲಿಯುವಾಗಲೂ ಫಿಸ್ಟುಲಾ ಇರುವ ತೋಳನ್ನು ಕುರ್ಚಿಯ ಅಂಚಿಗೆ ಒತ್ತಿ ಇಡಬಾರದು, ಬಿಗಿ ತೋಳಿನ ರವಿಕೆ, ಬಿಗಿ ಬಳೆ ಬೇಡ. ಡಯಾಲಿಸಿಸ್ ಆದ ದಿನ ಮೈ ಸೋತಿರುತ್ತದೆ, ನಿಮ್ಮ ಸರಾಸರಿ ತೆಗೆಯುವಾಗ ಆ ದಿನಗಳನ್ನು ಬೇರೆಯೇ ಎಣಿಸಿ.

ಅದೂ ಆಗದ ದಿನ ಕೇಳುವುದಿದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಸಂಗೀತವನ್ನು ಕಣ್ಣು ಮುಚ್ಚಿ ಕೇಳುವುದನ್ನೂ ಹವ್ಯಾಸದ ಲೆಕ್ಕಕ್ಕೆ ಹಿಡಿಯಬೇಕು. ಹಾಡುವ ಆಸೆಯಿದ್ದು, ಉಸಿರಿನ ತೊಂದರೆ ಇದ್ದವರು ತಮ್ಮ ಹಳೆಯ ಶ್ರುತಿಗಿಂತ ಕೆಳಗಿನ ಶ್ರುತಿ ಹಿಡಿದು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಒಂದೊಂದು ಸಾಲಿಗೂ ಉಸಿರು ತೆಗೆದುಕೊಳ್ಳುತ್ತ ಐದು ನಿಮಿಷ ಹಾಡಬಹುದು. ಮೊದಲಿನ ದನಿ ಇಲ್ಲವೆಂದು ಕೊರಗುವವರಿಗೆ ಹುಬ್ಬಳ್ಳಿಯಲ್ಲೇ ಉದಾಹರಣೆಯಿದೆ: ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಭಾರವಾಯಿತು, ಲೋಕ ಅವರನ್ನು ಗುರುತಿಸಿದ್ದು ಆ ಭಾರದ ದನಿಯಿಂದಲೇ.

ಕೌದಿ, ಕುಂಡ

ಕೌದಿ ಹೊಲಿಯುವ ಆಸೆ ನಮ್ಮ ಸೀಮೆಯಲ್ಲಿ ಸಹಜ, ಆದರೆ ಪೂರ್ಣ ಅಳತೆಯ ಕೌದಿ ಬ್ಯಾನಿಯವರ ಕೆಲಸವಲ್ಲ. ನೆಲದ ಮೇಲೆ ಹರಡಿ, ಬಗ್ಗಿ, ಜರುಗುತ್ತ ಹೊಲಿಯಬೇಕು, ಪದರ ಪದರ ಬಟ್ಟೆಯಲ್ಲಿ ಸೂಜಿ ದಾಟಿಸುವ ಬಲವೂ ಬೇಕು. 30 ಸೆಂ.ಮೀ. ಚೌಕದ, ಮೂರೇ ಪದರದ ತುಂಡುಗಳನ್ನು ತೊಡೆಯ ಮೇಲೆ ಹೊಲಿದಿಟ್ಟುಕೊಂಡು, ಒಂಬತ್ತಾದಾಗ ಟೇಲರ್ ಹತ್ತಿರ ಕೂಡಿಸಿದರೆ ಕೂಸಿನ ಕೌದಿಯಾಗುತ್ತದೆ. ಮೆತ್ತಗಾದ ಹಳೆಯ ಹತ್ತಿ ಸೀರೆ, ಧೋತರ ಆರಿಸಿ, ಪಾಲಿಸ್ಟರ್ ಸೂಜಿಗೆ ಜಾರುತ್ತದೆ. ಟ್ರಂಕಿನಲ್ಲಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸದೆ ಹರಿಯಲು ಕೂತರೆ ಅಸ್ತಮಾದವರಿಗೆ ಆ ಧೂಳೇ ಸಾಕು.

ಗಿಡದ ಹುಚ್ಚಿದ್ದವರು ಮೆಂತ್ಯದಿಂದ ಶುರು ಮಾಡಲಿ. ನಾಲ್ಕೈದು ದಿನಕ್ಕೆ ಮೊಳಕೆ, ಮೂರ್ನಾಲ್ಕು ವಾರಕ್ಕೆ ಕೊಯ್ಲು, ಕಾಯುವ ತಾಳ್ಮೆ ಇಲ್ಲದಾಗ ಇದು ಒಳ್ಳೆಯದು. ನಮ್ಮ ಎರೆ ಮಣ್ಣನ್ನು ಹಾಗೇ ಕುಂಡಕ್ಕೆ ತುಂಬಬೇಡಿ, ನೀರು ನಿಂತು ಬೇರು ಕೊಳೆಯುತ್ತದೆ, ಒಣಗಿದರೆ ಬಿರಿಯುತ್ತದೆ. ಕೆಂಪು ಮಣ್ಣು, ಗೊಬ್ಬರ, ತೆಂಗಿನ ನಾರಿನ ಪುಡಿ ಸಮ ಸಮ. ಕುಂಡ ಟೇಬಲ್ ಎತ್ತರದಲ್ಲಿರಲಿ, ನೀರಿಗೆ ಕೊಡ ಬೇಡ, ಒಂದು ಲೀಟರಿನ ಚೆಂಬು ಸಾಕು. ಸ್ಟಿರಾಯ್ಡ್, ಮೆಥೊಟ್ರೆಕ್ಸೇಟ್‌ನಂಥ ಪ್ರತಿರೋಧಶಕ್ತಿ ತಗ್ಗಿಸುವ ಔಷಧಿಯವರು ಗೊಬ್ಬರ ಬೆರೆಸುವ ಕೆಲಸ ಬೇರೆಯವರಿಗೆ ಬಿಟ್ಟು, ತಾವು ಮಣ್ಣು ಮುಟ್ಟುವಾಗ ಕೈಗವಸು, ಮಾಸ್ಕ್ ಹಾಕಿಕೊಳ್ಳಬೇಕು.

ಮಂದಿಯ ಮಾತು

"ಆರಾಮಿಲ್ಲ ಅಂತೀ, ಮತ್ತ ಕಸೂತಿ ಹಾಕ್ಕೋತ ಕುಂತೀಯಲ್ಲ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 10 ನಿಮಿಷ ಹೊಲಿಯಲು ಬರುವುದಕ್ಕೂ ಹತ್ತು ಮಂದಿಗೆ ರೊಟ್ಟಿ ಬಡಿಯಲು ಬರುವುದಕ್ಕೂ ಅಜಗಜಾಂತರ ಎಂದು ಮನೆಯವರಿಗೆ ಒಮ್ಮೆ ತಿಳಿಸಿ ಹೇಳಿ, ನೋಟ್‌ಬುಕ್ ತೋರಿಸಿ. ಊರಿನವರಿಗೆಲ್ಲ ವಿವರಿಸುತ್ತ ಕೂರಬೇಡಿ, ಅದಕ್ಕೂ ಬಲ ಬೇಕು. ಗಂಡಸರು ಕಸೂತಿ ಹಾಕಿದರೆ ನಗುವವರಿದ್ದಾರೆ. ಬೆಟಗೇರಿಯ ಮಗ್ಗಗಳಲ್ಲಿ ಎಳೆ ಎಣಿಸುವ ಗಂಡಸರನ್ನು ನೋಡಿ ಯಾರೂ ನಗುವುದಿಲ್ಲ.

ಅದಕ್ಕಿಂತ ಅಪಾಯದ್ದು ಹೊಗಳಿಕೆ. ಮೊದಲ ತುಂಡು ಚಂದ ಬಂದ ಕೂಡಲೇ ಕೇಳಿಕೆ ಬರುತ್ತದೆ: "ವೈನಿ, ನನ್ನ ಜಂಪರಿಗೂ ಒಂದು ಅಂಚು ಹಾಕಿಕೊಡ್ರಿ, ದಸರಾಕ್ಕ ಉಡಬೇಕು." ತಾರೀಖು ಬಂದ ಗಳಿಗೆಗೆ ಹವ್ಯಾಸ ಕೆಲಸವಾಗುತ್ತದೆ, ಅಲಾರಾಂ ಮೀರಿ ಕೂರುವುದು ಶುರುವಾಗುತ್ತದೆ. "ಹಾಕ್ತೀನವಾ, ಆದ್ರ ಯಾವಾಗಂತ ಕೇಳಬ್ಯಾಡ. ಕೈ ಒಪ್ಪಿದಾಗ ಆಗತೈತಿ" ಎಂದು ಮೊದಲೇ ಹೇಳಿಬಿಡಿ. ಒಪ್ಪದವರ ಜಂಪರನ್ನು ಇಟ್ಟುಕೊಳ್ಳಲೇಬೇಡಿ. ಮಾರುವ ಯೋಚನೆ ಇದ್ದರೆ ಮಾಡಿ ಮುಗಿಸಿದ್ದನ್ನು ಮಾರಿ, ಮುಂಗಡ ಹಣ ಹಿಡಿಯಬೇಡಿ.

ಬ್ಯಾನಿ ಕೆರಳಿ ತಿಂಗಳುಗಟ್ಟಲೆ ಕೆಲಸ ನಿಂತರೆ, ಮತ್ತೆ ಕೂತ ಮೊದಲ ದಿನ ಹಳೆಯ 10 ನಿಮಿಷಕ್ಕೆ ಹೋಗಬೇಡಿ. ಐದಕ್ಕೆ ಇಳಿಸಿ, ಐದು ದಿನದ ಅಳತೆಯನ್ನು ಹೊಸದಾಗಿ ತೆಗೆಯಿರಿ. ಬಟ್ಟೆ ರಿಂಗಿನಲ್ಲೇ ಉಳಿದಿದ್ದರೆ ಸುತ್ತ ಕೊಳೆಯ ಗೆರೆ ಕೂತಿರುತ್ತದೆ, ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಸೋಪು ಹಾಕಿ ಅರ್ಧ ತಾಸು ನೆನೆಸಿದರೆ ಬಹುಮಟ್ಟಿಗೆ ಹೋಗುತ್ತದೆ. ಸೂಜಿ ತುಕ್ಕು ಹಿಡಿದಿದ್ದರೆ ಎಸೆದು ಹೊಸದು ತೆಗೆದುಕೊಳ್ಳಿ. ಅರ್ಧಕ್ಕೆ ನಿಂತ ಹಲ್ಲಿನ ಲೆಕ್ಕ ಹತ್ತದಿದ್ದರೆ ಹಳೆಯ ದಾರವನ್ನು ಕತ್ತರಿಸಿ ಹಿಂದೆ ನುಸುಳಿಸಿ, ಮುಂದಿನ ಗಡಿ ದಾರದಿಂದ ಹೊಸ ಹಲ್ಲು ಹಿಡಿಯಿರಿ. ಬಿಟ್ಟ ಜಾಗ ತುಂಬಲು ಆಮೇಲೂ ಬರುತ್ತದೆ.